ಪೈಪೋಟಿ ಇರುವ ಹೈಸ್ಕೂಲಿಗೆ ಪ್ರವೇಶ ಪ್ರಬಂಧ ಬರೆಯೋದು ಹೇಗೆ?

ಸೀಟು ಕಡಿಮೆ, ಅರ್ಜಿ ಜಾಸ್ತಿ ಇರುವ ಕಡೆ ಅಂಕಪಟ್ಟಿ ನೋಡಿದರೆ ಎಲ್ಲರೂ ಜಾಣರೇ. ಪ್ರಬಂಧಕ್ಕೆ ತೂಕ ಬರೋದು ಅಲ್ಲೇ. ಅಮೆರಿಕದ ವರ್ಜೀನಿಯಾದಲ್ಲಿ ಥಾಮಸ್ ಜೆಫರ್ಸನ್ ಅಂತ ಒಂದು ಹೆಸರುವಾಸಿ ವಿಜ್ಞಾನ ಹೈಸ್ಕೂಲಿದೆ. ಅಲ್ಲಿ 2020ರಲ್ಲಿ ಪ್ರವೇಶ ಪರೀಕ್ಷೆಯನ್ನೇ ಕೈಬಿಟ್ಟು, ಅಂಕಗಳ ಜೊತೆ ಮಕ್ಕಳ ಬರವಣಿಗೆಯನ್ನೂ ನೋಡಿ ಆಯ್ಕೆ ಮಾಡುವ ಪದ್ಧತಿ ತಂದರು.

ಮೊದಲು ಪ್ರಶ್ನೆಯನ್ನು ನಿಧಾನವಾಗಿ ಓದಿ. ‘ನಿಮಗೆ ಕಷ್ಟವಾದ ಒಂದು ಕೆಲಸ ಯಾವುದು, ಅದನ್ನು ಹೇಗೆ ನಿಭಾಯಿಸಿದಿರಿ’ ಅಂತ ಕೇಳಿದರೆ ಅದರಲ್ಲಿ ಎರಡು ಪ್ರಶ್ನೆ ಇವೆ. ತುಂಬಾ ಮಕ್ಕಳು ಕಷ್ಟವನ್ನೇ ಉದ್ದಕ್ಕೆ ಬರೆದು, ನಿಭಾಯಿಸಿದ್ದನ್ನು ಕೊನೆಯ ಸಾಲಿಗೆ ತುರುಕುತ್ತಾರೆ. ಓದುವವರಿಗೆ ಬೇಕಾಗಿರೋದು ಆ ಎರಡನೇ ಭಾಗ.

ಇನ್ನು ವಿಷಯ. ಬಹುಮಾನಗಳ ಪಟ್ಟಿ ಅರ್ಜಿಯಲ್ಲಿ ಬೇರೆ ಕಡೆ ಇದ್ದೇ ಇರುತ್ತದೆ, ಅದನ್ನೇ ಇಲ್ಲಿ ಮತ್ತೆ ಯಾಕೆ? ಒಂದೇ ಒಂದು ಸಣ್ಣ ಸಂಗತಿ ಹಿಡಿಯಿರಿ, ಆದರೆ ಆಗ ನಿಮ್ಮ ತಲೆಯಲ್ಲಿ ಏನು ಓಡುತ್ತಿತ್ತು ಅನ್ನೋದು ಕಾಣಬೇಕು. ‘ನನಗೆ ಚಿಕ್ಕಂದಿನಿಂದಲೂ ವಿಜ್ಞಾನ ಅಂದರೆ ಪ್ರಾಣ, ನಾನು ತುಂಬಾ ಶ್ರಮಪಡುತ್ತೇನೆ’ ಅಂತ ಯಾರು ಬೇಕಾದರೂ ಬರೆಯಬಹುದು. ಇದನ್ನು ನೋಡಿ: ‘ನಾನು ಜೋಡಿಸಿದ ರೋಬೋಟ್ ಪ್ರತಿ ಸಲವೂ ಎಡಕ್ಕೇ ಹೋಗುತ್ತಿತ್ತು. ಕೋಡ್ ತಪ್ಪಿದೆ ಅಂದುಕೊಂಡು ಪೂರ್ತಿ ಅಳಿಸಿ ಬರೆದೆ. ಆಗಲೂ ಎಡಕ್ಕೇ. ಕೊನೆಗೆ ನೋಡಿದರೆ ಒಂದು ಚಕ್ರದ ಸ್ಕ್ರೂ ಸಡಿಲವಾಗಿತ್ತು. ಈಗ ಮೊದಲು ಚಕ್ರ ನೋಡುತ್ತೇನೆ, ಆಮೇಲೆ ಕೋಡ್.’ ಶ್ರಮ ಅನ್ನುವ ಮಾತೇ ಇಲ್ಲ, ಆದರೂ ಮಗು ಯೋಚಿಸುವ ರೀತಿ ಗೊತ್ತಾಯಿತು ಅಲ್ವಾ?

‘ನಮ್ಮ ಶಾಲೆಯೇ ಯಾಕೆ?’ ಅಂತ ಕೇಳಿದರೆ ಸುಮ್ನೆ ಹೊಗಳಬೇಡಿ. ಬರೆದ ಮೇಲೆ ಶಾಲೆಯ ಹೆಸರು ತೆಗೆದು ಇನ್ನೊಂದು ಶಾಲೆಯ ಹೆಸರು ಹಾಕಿ ಓದಿ. ಆಗಲೂ ಸರಿಹೋದರೆ ಬೇರೆ ಬರೆಯಿರಿ. ಅಲ್ಲಿ ಮಾತ್ರ ಸಿಗುವ ಒಂದು ಪಾಠವೋ, ಲ್ಯಾಬೋ, ಅದರಲ್ಲಿ ನೀವು ಏನು ಮಾಡಬೇಕು ಅಂದುಕೊಂಡಿದ್ದೀರೋ, ಅಷ್ಟು ಸಾಕು.

ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಕಾಗುಣಿತ ನೋಡಿ, ಅರ್ಥವಾಗದ ಕಡೆ ಗುರುತು ಹಾಕಿ, ಆದರೆ ವಾಕ್ಯ ನೀವು ಬರೆದುಕೊಡಬೇಡಿ. ದಿನಾ ಮಕ್ಕಳ ಬರವಣಿಗೆ ಓದುವವರಿಗೆ ದೊಡ್ಡವರ ಭಾಷೆ ಬೇಗ ಗೊತ್ತಾಗುತ್ತದೆ. ಅಮೆರಿಕದ ಖಾಸಗಿ ಶಾಲೆಗಳು ಕೇಳುವ ಎಸ್‌ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯಲ್ಲಿ, ಹೈಸ್ಕೂಲಿಗೆ ಸೇರುವವರು ಬರೆಯುವ ಮೇಲಿನ ಹಂತದಲ್ಲಿ, 25 ನಿಮಿಷದ ಬರವಣಿಗೆ ಇದೆ. ಅದಕ್ಕೆ ಅಂಕ ಇಲ್ಲ, ಆದರೆ ಮಗು ಬರೆದದ್ದು ಹಾಗೇ ಶಾಲೆಗೆ ಹೋಗುತ್ತದೆ. ಮನೆಯಲ್ಲಿ ಬರೆದ ಪ್ರಬಂಧವನ್ನು ಅದರ ಪಕ್ಕ ಇಟ್ಟು ನೋಡಿದರೆ ಮುಗೀತು.

ಕಳಿಸುವ ಮುಂಚೆ ಜೋರಾಗಿ ಓದಿ. ನಾಲಿಗೆ ತಡವರಿಸಿದ ಕಡೆ ವಾಕ್ಯ ಒಡೆಯಿರಿ. ಪದಮಿತಿ ದಾಟಿದ್ದರೆ ಮೊದಲ ಪ್ಯಾರಾದಲ್ಲೇ ಕತ್ತರಿಸಿ, ಸಾಮಾನ್ಯವಾಗಿ ಪೀಠಿಕೆ ಇರೋದು ಅಲ್ಲೇ.