ರೈತ ಕಂಪನಿಗೆ ವಿದೇಶಿ ಅಭಿವೃದ್ಧಿ ಬಂಡವಾಳ: ಒಡೆತನ ಬಿಡದೆ ತರುವುದು ಹೇಗೆ?

ನಾಸಿಕ್ ಜಿಲ್ಲೆಯ ಮೊಹಾಡಿಯಲ್ಲಿರುವ ಸಹ್ಯಾದ್ರಿ ಫಾರ್ಮ್ಸ್ ರೈತರೇ ಕಟ್ಟಿದ ಸಂಸ್ಥೆ. 2022ರಲ್ಲಿ ಅದಕ್ಕೆ ಯುರೋಪಿನಿಂದ ಸುಮಾರು ₹310 ಕೋಟಿ ಬಂಡವಾಳ ಬಂತು. ಹಣ ಹಾಕಿದವರು ನೆದರ್ಲೆಂಡ್ಸ್‌ನ ಎಫ್‌ಎಂಒ, ಫ್ರಾನ್ಸಿನ ಪ್ರೊಪಾರ್ಕೊ, ಬೆಲ್ಜಿಯಂನ ಇನ್‌ಕೊಫಿನ್ ಮತ್ತು ಕೋರಿಸ್. ಮೊದಲೆರಡು ಅಭಿವೃದ್ಧಿ ಹಣಕಾಸು ಸಂಸ್ಥೆಗಳು. ಎಫ್‌ಎಂಒದಲ್ಲಿ ಶೇ 51ರಷ್ಟು ಪಾಲು ಡಚ್ ಸರ್ಕಾರದ್ದು. ಮಾಮೂಲಿ ಬ್ಯಾಂಕುಗಳು ಹಿಂಜರಿಯುವ ಕಡೆ ದೀರ್ಘಾವಧಿಗೆ ಹಣ ತೊಡಗಿಸುವುದು ಇವುಗಳ ಕೆಲಸ. ಇದು ದಾನವಲ್ಲ. ಲಾಭವೂ ಬೇಕು, ಪರಿಸರ ಮತ್ತು ಕಾರ್ಮಿಕರ ವಿಷಯದಲ್ಲಿ ಲೆಕ್ಕವೂ ಬೇಕು.

ಒಣದ್ರಾಕ್ಷಿಯನ್ನು ತಾಸಗಾಂವ್, ಸಾಂಗ್ಲಿ ಪೇಟೆಗೆ ಒಯ್ದು ಅಲ್ಲಿ ಸಿಕ್ಕ ದರಕ್ಕೆ ಕೊಟ್ಟು ಬರುವ ವಿಜಯಪುರದ ಬೆಳೆಗಾರರಿಗೆ ಈ ಉದಾಹರಣೆ ದೂರದ್ದೇನಲ್ಲ. ರೈತ ಉತ್ಪಾದಕ ಸಂಸ್ಥೆ (ಎಫ್‌ಪಿಒ) ನಡೆಸುವವರು ಹೆಜ್ಜೆ ಹೆಜ್ಜೆಯಾಗಿ ಏನು ಮಾಡಬೇಕು ಎಂಬುದು ಇಲ್ಲಿದೆ.

ಹೆಜ್ಜೆ 1: ಬೆಳೆಯ ಜಾಡು ಕೈಯಲ್ಲಿರಲಿ

2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಸಿಸಿಸಿ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಪತ್ತೆಯಾಗಿ ಸರಕು ತಿರಸ್ಕೃತವಾಯಿತು. ಏಪ್ರಿಲ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ಬಳ್ಳಿ ಅತಿಯಾಗಿ ಚಿಗುರದಿರಲಿ ಎಂದು ಹೊಡೆಯುವ ಔಷಧಿ ಅದು. ರಫ್ತುದಾರರೂ ರೈತರೂ ಭಾರಿ ಪೆಟ್ಟು ತಿಂದರು. ಹಾಗಾಗದಿರಲು, ಪೆಟ್ಟಿಗೆಯ ಮೇಲಿನ ಚೀಟಿ ನೋಡಿದರೆ ಆ ಹಣ್ಣು ಯಾವ ರೈತನ ಯಾವ ಪ್ಲಾಟಿನದು, ಯಾವ ದಿನ ಯಾವ ಔಷಧಿ ಹೊಡೆದದ್ದು ಎಂದು ಹೇಳುವಂತಿರಬೇಕು. ರಫ್ತು ದ್ರಾಕ್ಷಿಗೆ ಕೇಂದ್ರ ಸರ್ಕಾರದ ಕೃಷಿ ರಫ್ತು ಪ್ರಾಧಿಕಾರ ಅಪೆಡಾದ ಗ್ರೇಪ್‌ನೆಟ್ ವ್ಯವಸ್ಥೆಯಲ್ಲಿ ತೋಟದ ನೋಂದಣಿ ಇರುತ್ತದೆ. ಸ್ಥಳೀಯ ಪೇಟೆಗೆ ಮಾರುವವರೂ ಇಂಥದೇ ವಹಿ ಇಡಲಿ. ಹೂಡಿಕೆದಾರರ ಕಡೆಯವರು ತೋಟಕ್ಕೆ ಬಂದಾಗ ಕೇಳುವುದು ಇದನ್ನೇ, ಮೂರು ವರ್ಷದ ಆಡಿಟ್ ವರದಿಯ ಜೊತೆಗೆ.

ಹೆಜ್ಜೆ 2: ಕಂಪನಿಯ ರಚನೆ ಸರಿಪಡಿಸಿ

ಇಡೀ ವ್ಯವಹಾರದ ಜೀವಾಳ ಇರುವುದು ಇಲ್ಲಿ. ಉತ್ಪಾದಕ ಕಂಪನಿಯಲ್ಲಿ (ಕಂಪನಿಯಾಗಿ ನೋಂದಣಿಯಾದ ಎಫ್‌ಪಿಒದಲ್ಲಿ) ಉತ್ಪಾದಕರು ಮತ್ತು ಅವರ ಸಂಸ್ಥೆಗಳು ಮಾತ್ರ ಸದಸ್ಯರಾಗಬಹುದು. ರೈತ ಸದಸ್ಯರ ಬಳಿ ಎಷ್ಟೇ ಷೇರು ಇರಲಿ, ಒಬ್ಬರಿಗೆ ಒಂದೇ ಮತ. ಹಾಗಾಗಿ ಹೊರಗಿನ ಹೂಡಿಕೆದಾರರಿಗೆ ನೇರವಾಗಿ ಷೇರು ಕೊಡಲು ಬರುವುದಿಲ್ಲ. ಸಹ್ಯಾದ್ರಿಯಲ್ಲಿ ಬಂಡವಾಳ ಬಂದದ್ದು ಸಂಸ್ಕರಣೆ, ಪ್ಯಾಕಿಂಗ್, ರಫ್ತು ನೋಡಿಕೊಳ್ಳುವ ಸಹ್ಯಾದ್ರಿ ಫಾರ್ಮ್ಸ್ ಪೋಸ್ಟ್ ಹಾರ್ವೆಸ್ಟ್ ಕೇರ್ ಲಿಮಿಟೆಡ್ ಎಂಬ ಅಂಗಸಂಸ್ಥೆಗೆ. ಮೇಲೆ ರೈತರ ಕಂಪನಿ, ಕೆಳಗೆ ಹೂಡಿಕೆ ಪಡೆಯುವ ಕಂಪನಿ. ಆಹಾರ ಸಂಸ್ಕರಣೆಯಲ್ಲಿ ಶೇ 100ರಷ್ಟು ವಿದೇಶಿ ನೇರ ಹೂಡಿಕೆಗೆ ಅವಕಾಶವಿರುವುದರಿಂದ ಈ ದಾರಿ ಸುಗಮ.

ಆದರೆ ಕೆಳಗಿನ ಕಂಪನಿಯಲ್ಲಿ 'ಒಬ್ಬರಿಗೆ ಒಂದೇ ಮತ' ನಡೆಯುವುದಿಲ್ಲ. ಅಲ್ಲಿ ಷೇರು ಎಷ್ಟೋ ಮತ ಅಷ್ಟು. ನಿಯಮಾವಳಿ ತಿದ್ದುವಂಥ ದೊಡ್ಡ ತೀರ್ಮಾನಗಳಿಗೆ ಬೇಕಾಗುವ ವಿಶೇಷ ನಿರ್ಣಯಕ್ಕೆ ಮುಕ್ಕಾಲು ಪಾಲು ಮತ ಬೇಕು. ಅಂದರೆ ಶೇ 25ಕ್ಕಿಂತ ತುಸು ಹೆಚ್ಚು ಷೇರು ಇದ್ದವರು ಯಾವುದೇ ದೊಡ್ಡ ಬದಲಾವಣೆಯನ್ನು ತಡೆಯಬಲ್ಲರು. ಎಷ್ಟು ಕೋಟಿ ಬೇಕು ಎಂಬ ಚರ್ಚೆಗೆ ಮೊದಲು, ಎಷ್ಟು ಷೇರು ರೈತರ ಕಂಪನಿಯ ಕೈಯಲ್ಲೇ ಉಳಿಯಬೇಕು ಎಂಬುದನ್ನು ಸರ್ವಸದಸ್ಯರ ಸಭೆಯಲ್ಲಿ ಇತ್ಯರ್ಥ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಈ ಒಂದು ಕೆಲಸ ಆಗದೆ ಮುಂದಿನ ಹೆಜ್ಜೆ ಇಡಬೇಡಿ ಎಂದು ಒತ್ತಿ ಹೇಳುತ್ತೇನೆ.

ಹೆಜ್ಜೆ 3: ಹಣ ಯಾವುದಕ್ಕೆ?

ಸಹ್ಯಾದ್ರಿ ಆ ಹಣವನ್ನು ಗೊತ್ತುಮಾಡಿದ್ದು ಹಣ್ಣು–ತರಕಾರಿ ಸಂಸ್ಕರಣೆಯ ವಿಸ್ತರಣೆ, ಪ್ಯಾಕ್‌ಹೌಸ್, ತ್ಯಾಜ್ಯದಿಂದ ವಿದ್ಯುತ್ ತಯಾರಿಸುವ ಘಟಕ ಇತ್ಯಾದಿಗೆ. ಹೀಗೆ ಕಣ್ಣಿಗೆ ಕಾಣುವ ಆಸ್ತಿ ತೋರಿಸಿ. ಸಾಲದ ರೂಪದಲ್ಲಿ ಪಡೆಯುವುದಾದರೆ ಕರೆನ್ಸಿ ನೋಡಿಕೊಳ್ಳಿ: ಟೊಮೆಟೊ ಮಾರಿ ರೂಪಾಯಿ ಗಳಿಸುವವರು ಡಾಲರ್ ಸಾಲ ತೆಗೆದರೆ, ರೂಪಾಯಿ ಇಳಿದಾಗಲೆಲ್ಲ ಕಂತು ಏರುತ್ತದೆ.

ಹೆಜ್ಜೆ 4: ಪರಿಸರ, ಕೂಲಿಕಾರರ ಪರಿಶೀಲನೆ

ಇಂಥ ಸಂಸ್ಥೆಗಳು ಸಾಮಾನ್ಯವಾಗಿ ಅನುಸರಿಸುವುದು ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ ರೂಪಿಸಿದ 8 ಮಾನದಂಡಗಳನ್ನು. ಕಾರ್ಮಿಕರ ಸ್ಥಿತಿಗತಿ, ಮಾಲಿನ್ಯ, ಭೂಸ್ವಾಧೀನ, ಜೀವವೈವಿಧ್ಯ ಎಲ್ಲವೂ ಅದರಲ್ಲಿವೆ. ಪ್ಯಾಕ್‌ಹೌಸಿಗೆ ಬಂದವರು ಸುಗ್ಗಿಯಲ್ಲಿ ಬರುವ ಹೆಣ್ಣಾಳುಗಳ ಹಾಜರಿ ಪುಸ್ತಕ ತೆರೆಸಬಹುದು. ಗುತ್ತಿಗೆದಾರನಿಗೆ ಕೊಟ್ಟ ಹಣ ಅವರ ಕೈಗೆ ಪೂರ್ತಿ ಸೇರಿತೇ ಎಂದು ಕೇಳಬಹುದು. ಶೌಚಾಲಯ, ಹಣ್ಣು ತೊಳೆದ ನೀರು ಹೋಗುವ ಜಾಗ, ಔಷಧಿಯ ಖಾಲಿ ಡಬ್ಬಿ ಏನಾಗುತ್ತದೆ ಎಂಬುದನ್ನೂ ನೋಡುತ್ತಾರೆ. ಕೊರತೆ ಕಂಡರೆ ಗಡುವು ಹಾಕಿದ ಕ್ರಿಯಾ ಯೋಜನೆ ಒಪ್ಪಂದದ ಭಾಗವಾಗುತ್ತದೆ. ಇದನ್ನು ಕಿರಿಕಿರಿ ಎಂದುಕೊಳ್ಳಬೇಡಿ. ಕೂಲಿಕಾರರ ಪಾಲಿಗೆ ಈ ಬಂಡವಾಳದಿಂದ ಸಿಗುವ ನೇರ ಪ್ರಯೋಜನ ಇದೇ. ಬಾಲಕಾರ್ಮಿಕರು ಕಂಡುಬಂದರಂತೂ ಮಾತುಕತೆ ಅಲ್ಲಿಗೇ ನಿಲ್ಲಬಹುದು.

ಹೆಜ್ಜೆ 5: ಒಪ್ಪಂದ ಓದುವುದು

ಷೇರು ಬಂಡವಾಳ ಹಾಕಿದವರು ಕೆಲವು ವರ್ಷದ ನಂತರ ಮಾರಿ ಹೊರಡುತ್ತಾರೆ. ಯಾರಿಗೆ ಮಾರುತ್ತಾರೆ? ಮೊದಲು ರೈತರ ಕಂಪನಿಗೇ ಕೇಳಬೇಕು ಎಂಬ ಷರತ್ತು ಬರಲಿ. ಬೆಲೆ ನಿಗದಿಯ ಸೂತ್ರವೂ ಈಗಲೇ ಇರಲಿ. ಹೂಡಿಕೆದಾರರ ಒಪ್ಪಿಗೆ ಇಲ್ಲದೆ ಮಾಡಬಾರದ ಕೆಲಸಗಳ ಪಟ್ಟಿಯನ್ನು ಸಾಲುಸಾಲಾಗಿ ಓದಿ. ರೈತರಿಗೆ ಕೊಡುವ ಖರೀದಿ ದರ ಆ ಪಟ್ಟಿಯೊಳಗೆ ನುಸುಳದಂತೆ ನೋಡಿ. ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ, ಸಾರಾಂಶವನ್ನು ಕನ್ನಡದಲ್ಲಿ ಬರೆಸಿ ಸದಸ್ಯರಿಗೆ ಹಂಚಿ.

ಸಣ್ಣ ಎಫ್‌ಪಿಒಗಳ ದಾರಿ

ಸಹ್ಯಾದ್ರಿಗೆ ಹಣ ಬಂದಾಗ ಸುಮಾರು 18 ಸಾವಿರ ರೈತರು ಅದರ ಜೊತೆಗಿದ್ದರು. ಕೆಲವೇ ನೂರು ಸದಸ್ಯರ ಸಂಸ್ಥೆಯ ಬಾಗಿಲಿಗೆ ಎಫ್‌ಎಂಒ ನೇರವಾಗಿ ಬರುವುದು ಕಷ್ಟ. ಅಂಥವರು ನಬಾರ್ಡ್‌ನ ಅಂಗಸಂಸ್ಥೆ ನ್ಯಾಬ್‌ಕಿಸಾನ್‌ನ ಸಾಲದಿಂದ ಶುರುಮಾಡಿ, ಹೊತ್ತಿಗೆ ಸರಿಯಾಗಿ ತೀರಿಸಿದ ದಾಖಲೆ ಕಟ್ಟಿಕೊಳ್ಳಲಿ. ಅಕ್ಕಪಕ್ಕದ ತಾಲ್ಲೂಕಿನ ನಾಲ್ಕಾರು ಎಫ್‌ಪಿಒಗಳು ಕೂಡಿ ಒಂದೇ ಸಂಸ್ಕರಣಾ ಕಂಪನಿ ಮಾಡಿಕೊಂಡರೆ ಗಾತ್ರವೂ ಸಿಗುತ್ತದೆ.

ಹೂಡಿಕೆಯ ನಂತರ ತೊಂದರೆಯಾದರೆ ರೈತರೂ ಕೂಲಿಕಾರರೂ ಸುತ್ತಲ ಊರಿನವರೂ ದೂರು ಕೊಡಬಹುದು. ಎಫ್‌ಎಂಒ, ಇಂಥದೇ ಜರ್ಮನಿಯ ಸಂಸ್ಥೆ ಡಿಇಜಿ ಮತ್ತು ಪ್ರೊಪಾರ್ಕೊ ಸೇರಿ ಸ್ವತಂತ್ರ ದೂರು ವ್ಯವಸ್ಥೆಯೊಂದನ್ನು ಇಟ್ಟಿವೆ. ಅದರ ವಿಳಾಸವನ್ನು ಪ್ಯಾಕ್‌ಹೌಸಿನ ಗೋಡೆಯ ಮೇಲೆ, ಹಾಜರಿ ಹಾಕುವ ಜಾಗದಲ್ಲೇ, ಕನ್ನಡದಲ್ಲಿ ಬರೆಸಿ.