ಉಗುರು ತಡೆದ ಜಾಗ

ಬಳ್ಳಾರಿಯ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಮರವನ್ನು ತಿರುಗಿಸುತ್ತ ಕಡೆಯುವ ಸಣ್ಣದೊಂದು ಲೇತ್ ಯಂತ್ರ ಇಟ್ಟುಕೊಂಡು ನಾನು ಮರದ ಪೆನ್ನು ಕಡೆಯಲು ಕುಳಿತಾಗ, ಕಷ್ಟವೆಲ್ಲ ಉಳಿ ಹಿಡಿಯುವುದರಲ್ಲೇ ಇದೆ ಎಂದುಕೊಂಡಿದ್ದೆ. ಆದರೆ ಅದಕ್ಕಿಂತ ಹೆಚ್ಚು ಕಾಲ ನನ್ನನ್ನು ಕಾಡಿದ್ದು, ಮಾಡಿದ್ದರಲ್ಲಿ ತಪ್ಪೇನಿದೆ ಎಂದು ತಿಳಿದುಕೊಳ್ಳುವ ಕೆಲಸ. ಮೊದಲ ನಾಲ್ಕು ಪೆನ್ನುಗಳನ್ನು ಮನೆಯವರಿಗೂ ಗೆಳೆಯರಿಗೂ ತೋರಿಸಿದೆ. ಎಲ್ಲರೂ "ಭಾಳ ಚಂದ ಐತಿ" ಎಂದರು. ಅವರ ಪ್ರೀತಿ ನಿಜವಾದದ್ದೇ. ಆದರೆ ಐದನೆಯ ಪೆನ್ನಿನಲ್ಲಿ ಏನನ್ನು ಬದಲಿಸಬೇಕು ಎಂಬುದು ಆ ಮಾತಿನಿಂದ ತಿಳಿಯಲಿಲ್ಲ.

ನಾನು ಬಳಸುತ್ತಿದ್ದುದು ಬಳ್ಳಾರಿ ಜಾಲಿ. ರಸ್ತೆಯ ಬದಿಯಲ್ಲೂ ಕೆರೆಯಂಗಳದಲ್ಲೂ ಬೆಳೆದು ನಿಂತು, ಸೌದೆ ಮತ್ತು ಇದ್ದಿಲಿಗಷ್ಟೇ ಎಂದು ನಮ್ಮವರು ಬಿಟ್ಟಿರುವ ಈ ಮರ ನಿಜಕ್ಕೂ ಗಟ್ಟಿ. ಚೆನ್ನಾಗಿ ಒಣಗಿಸಿ ಕಡೆದರೆ ಕೆಂಪು ಬೆರೆತ ಕಂದು ಬಣ್ಣ ತೆಗೆದುಕೊಂಡು ನುಣ್ಣಗೆ ಹೊಳೆಯುತ್ತದೆ. 19 ಮಿಲಿಮೀಟರ್ ಚೌಕದ ತುಂಡನ್ನು ಎರಡಾಗಿ ಕತ್ತರಿಸಿ, 7 ಮಿಲಿಮೀಟರ್ ರಂಧ್ರ ಕೊರೆದು, ಹಿತ್ತಾಳೆಯ ಕೊಳವೆಯನ್ನು ಅಂಟಿಸಿ, ತುದಿಗಳನ್ನು ಸಮ ಮಾಡಿ, ಎರಡೂ ತುಂಡುಗಳನ್ನು ಮ್ಯಾಂಡ್ರೆಲ್ ಎಂಬ ಉಕ್ಕಿನ ಸರಳಿಗೆ ಪೋಣಿಸಿ, ನಡುವೆಯೂ ಆಚೀಚೆಯೂ ಅಳತೆಗೆಂದು ಬುಶ್ ಎಂಬ ಲೋಹದ ಉಂಗುರ ಇಟ್ಟು, ಮರವು ಬುಶ್‌ನ ಮಟ್ಟಕ್ಕೆ ಇಳಿಯುವವರೆಗೆ ಕಡೆಯುವುದು ಇದರ ಕ್ರಮ.

ಐದನೆಯ ಪೆನ್ನನ್ನು ಕಿಟಕಿ ಬಾಗಿಲು ಮಾಡುವ ನಮ್ಮ ಓಣಿಯ ಹಿರಿಯ ಬಡಗಿಯೊಬ್ಬರ ಕೈಗೆ ಕೊಟ್ಟು, "ಹೇಗಿದೆ?" ಎಂದು ಕೇಳುವ ಬದಲು, "ಮರವೂ ಲೋಹವೂ ಕೂಡಿರುವ ಜಾಗ ಸರಿಯಾಗಿದೆಯೇ, ನೋಡಿ" ಎಂದೆ. ಅವರು ನೋಡಲೇ ಇಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ನಡುವಿನ ಲೋಹದ ಪಟ್ಟಿಯಿಂದ ಮರದ ಕಡೆಗೆ ಎಳೆದರು. ಪೆನ್ನನ್ನು ಸ್ವಲ್ಪ ಹೊರಳಿಸಿ ಮತ್ತೆ ಎಳೆದರು. "ಈ ಕಡಿ ಉಗುರು ತಡಿತೈತಿ, ಆ ಕಡಿ ಜಾರತೈತಿ" ಎಂದು ಹೇಳಿ ಪೆನ್ನನ್ನು ಹಿಂದಕ್ಕೆ ಕೊಟ್ಟರು.

ಆ ಒಂದು ಮಾತು ನನಗೆ ಹಲವು ದಿನಗಳ ಪಾಠವಾಯಿತು. ಉಗುರು ಸುತ್ತಲೂ ಒಂದೇ ಸಮನೆ ತಡೆದಿದ್ದರೆ ಅದು ಅಳತೆಯ ದೋಷ, ಇನ್ನಷ್ಟು ಕಡೆದಿದ್ದರೆ ಸರಿಹೋಗುತ್ತಿತ್ತು. ಅರ್ಧ ಸುತ್ತಿನಲ್ಲಿ ಮಾತ್ರ ತಡೆದರೆ, ಮರವು ಕೊಳವೆಯ ನಡುಗೇಂದ್ರ ಬಿಟ್ಟು ಒಂದು ಪಕ್ಕಕ್ಕೆ ದಪ್ಪವಾಗಿದೆ ಎಂದೇ ಅರ್ಥ. ಅದಕ್ಕೆ ಕಾರಣ ನನ್ನ ಉಳಿಯಲ್ಲ, ನನ್ನ ಸ್ಪಾನರ್. ತುಂಡು ಜಾರಬಾರದೆಂದು ಮ್ಯಾಂಡ್ರೆಲ್‌ನ ನಟ್ಟನ್ನು ಸ್ಪಾನರಿನಿಂದ ಬಿಗಿಯುತ್ತಿದ್ದೆ, ಸರಳಿನ ತುದಿಯನ್ನು ಹಿಂಬದಿಯಿಂದ ಆನಿಸಿ ಹಿಡಿಯುವ ಟೇಲ್‌ಸ್ಟಾಕನ್ನೂ ಜೋರಾಗಿ ಒತ್ತುತ್ತಿದ್ದೆ. ತೆಳುವಾದ ಆ ಸರಳು ಎರಡೂ ಕಡೆಯ ಒತ್ತಡಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗು ನಡುಮಧ್ಯದಲ್ಲೇ ಹೆಚ್ಚಾದ್ದರಿಂದ, ಎರಡು ತುಂಡುಗಳು ಕೂಡುವ ಜಾಗದಲ್ಲೇ ದೋಷ ಎದ್ದು ತೋರುತ್ತದೆ. ಅಂದಿನಿಂದ ನಟ್ಟನ್ನು ಬೆರಳಿನಲ್ಲಷ್ಟೇ ಬಿಗಿಯುತ್ತೇನೆ, ಟೇಲ್‌ಸ್ಟಾಕನ್ನು ಅದರ ಮೊನೆ ಸರಳಿನೊಂದಿಗೆ ತಿರುಗತೊಡಗುವಷ್ಟಕ್ಕೇ ತರುತ್ತೇನೆ. ಬುಶ್‌ಗಳೂ ಸ್ಯಾಂಡ್‌ಪೇಪರ್ ತಗುಲಿ ಸವೆಯುವುದರಿಂದ ಅವನ್ನೇ ನಂಬದೆ, ಲೋಹದ ಭಾಗಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಮರವನ್ನು ಅದಕ್ಕೆ ಹೊಂದಿಸುತ್ತೇನೆ.

ಇದಾದ ಮೇಲೆ ಪೆನ್ನನ್ನು ಯಾರಿಗೆ ಕೊಡಬೇಕೆಂಬುದನ್ನೂ ಯೋಚಿಸತೊಡಗಿದೆ. ಕಚೇರಿಯ ಮುಂದೆ ಕುಳಿತು ದಿನವಿಡೀ ಅರ್ಜಿ ಬರೆದುಕೊಡುವ ಒಬ್ಬರಿಗೆ, ನಾನು ಮಾಡಿದ್ದೆಂದು ಹೇಳದೆ, ಎರಡು ಪೆನ್ನು ಕೊಟ್ಟು ಒಂದು ವಾರ ಬರೆಯಿರಿ ಎಂದು ಕೇಳಿಕೊಂಡೆ. ಒಂದಕ್ಕೆ ಸೂಪರ್ ಗ್ಲೂವನ್ನು ಪದರ ಪದರವಾಗಿ ಹಚ್ಚಿ ಗಾಜಿನಂತೆ ಹೊಳಪು ಕೊಟ್ಟಿದ್ದೆ, ಇನ್ನೊಂದಕ್ಕೆ ಅರಗು ಮತ್ತು ಮೇಣ ಮಾತ್ರ. ನನಗೆ ಹೆಮ್ಮೆಯಿದ್ದದ್ದು ಮೊದಲನೆಯದರ ಮೇಲೆ. ವಾರ ಕಳೆದ ಮೇಲೆ ಅವರ ಜೇಬಿನಲ್ಲಿದ್ದದ್ದು ಎರಡನೆಯದು. ನಮ್ಮೂರ ಬೇಸಿಗೆಯಲ್ಲಿ ಬೆವರಿದ ಬೆರಳಿಗೆ ಹೊಳಪಿನ ಪೆನ್ನು ನಿಲ್ಲುವುದಿಲ್ಲವೆಂದು ಅವರು ಹೇಳಿದರು. ಮೇಣದ ಹೊಳಪು ಕೈಯಾಡಿ ಆಡಿ ಬೇಗ ಮಂಕಾಗುವುದು ನನಗೆ ಗೊತ್ತು. ಹಾಗಿದ್ದರೂ ಬರೆಯುವವರ ಬೆರಳು ಹೇಳಿದ್ದನ್ನು ನಾನು ಒಪ್ಪಿಕೊಂಡೆ. ಈಗ ಬರೆಯಲೆಂದೇ ಮಾಡುವ ಪೆನ್ನಿಗೆ ಸೂಪರ್ ಗ್ಲೂ ಹಚ್ಚಿದರೂ ಕೊನೆಗೆ ನವಿರಾಗಿ ಉಜ್ಜಿ ಹೊಳಪು ತಗ್ಗಿಸುತ್ತೇನೆ.

ಕೊಪ್ಪಳದ ಕಡೆ ಹೋದಾಗ ಒಂದು ಪೆನ್ನನ್ನು ಕಿನ್ನಾಳಕ್ಕೂ ಒಯ್ದಿದ್ದೆ. ಅಲ್ಲಿಯ ಚಿತ್ರಗಾರರ ಕೆಲಸ ಹಗುರ ಮರವನ್ನು ಕೆತ್ತಿ ಬಣ್ಣ ಹಾಕುವುದು, ಪೆನ್ನು ಕಡೆಯುವುದಲ್ಲ. ಆದ್ದರಿಂದಲೇ ಅವರ ಕಣ್ಣು ನನಗೆ ಬೇಕಿತ್ತು. ಪೆನ್ನನ್ನು ಬಾಗಿಲಿನ ಬೆಳಕಿಗೆ ಅಡ್ಡ ಹಿಡಿದ ಕಲಾವಿದರೊಬ್ಬರು ಅದರ ಅಂಚನ್ನಷ್ಟೇ ದಿಟ್ಟಿಸಿ, ನಡುವೆ ಗೆರೆ ಕುಸಿದಿದೆ ಎಂದರು. ಉಳಿಯ ಗೀರು ಹೋಗಲೆಂದು ಸ್ಯಾಂಡ್‌ಪೇಪರನ್ನು ಒಂದೇ ಕಡೆ ಒತ್ತಿ ಹಿಡಿದಿದ್ದರ ಫಲ ಅದು.

ಹನ್ನೊಂದನೆಯ ಪೆನ್ನನ್ನು ಮತ್ತೆ ಬಡಗಿಯವರಿಗೆ ಕೊಟ್ಟೆ. ಉಗುರು ಎಳೆದರು, ಹೊರಳಿಸಿ ಮತ್ತೆ ಎಳೆದರು, ಎಲ್ಲಿಯೂ ತಡೆಯಲಿಲ್ಲ. ಆಮೇಲೆ ಕಣ್ಣು ತೆರೆದು, "ಮ್ಯಾಗಿನ ಎಳಿಗೂ ಕೆಳಗಿನ ಎಳಿಗೂ ಸಂಬಂಧ ಇಲ್ಲಲ್ಲ" ಎಂದರು. ಒಂದೇ ತುಂಡಿನಿಂದ ಕತ್ತರಿಸಿದ ಎರಡು ಭಾಗಗಳಲ್ಲಿ ಒಂದನ್ನು ನಾನು ತಲೆಕೆಳಗಾಗಿ ಪೋಣಿಸಿದ್ದೆ. ಮರುದಿನ ಗರಗಸ ಹಿಡಿಯುವ ಮೊದಲು ಹೊಸ ಜಾಲಿಯ ತುಂಡಿನ ಉದ್ದಕ್ಕೂ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, ಕತ್ತರಿಸುವ ಜಾಗದ ಎರಡೂ ಬದಿಗೆ ಗುರುತು ಹಾಕಿಕೊಂಡೆ.