ಮೀಟಿಂಗಿನಲ್ಲಿ ಮಾತು ತುಂಡಾಗುತ್ತಿದ್ದರೆ ಬರುವ ವಿಡಿಯೋ ನಿಲ್ಲಿಸಿ

ಊರಿಂದ ಕೆಲಸ ಮಾಡುವವರಿಗೆ: ಟೀಮ್ಸ್ ಅಥವಾ ಜೂಮ್‌ನಲ್ಲಿ ಮಾತು ತುಂಡು ತುಂಡಾಗಿ ಕೇಳಿಸಿದರೆ ನಿಮ್ಮ ಕ್ಯಾಮೆರಾ ಮಾತ್ರ ಆಫ್ ಮಾಡಿ ಸುಮ್ನೆ ಕೂರಬೇಡಿ. ಮೀಟಿಂಗಿನ ಮೆನುವಿನಲ್ಲಿ ‘ಇನ್‌ಕಮಿಂಗ್ ವಿಡಿಯೋ’ (ಬೇರೆಯವರಿಂದ ಬರುವ ವಿಡಿಯೋ) ನಿಲ್ಲಿಸುವ ಆಯ್ಕೆ ಇರುತ್ತದೆ, ಅದನ್ನೂ ಒತ್ತಿ. ನಿಮ್ಮ ಕ್ಯಾಮೆರಾ ಮುಚ್ಚಿದರೆ ಇಲ್ಲಿಂದ ಹೋಗುವ ಡೇಟಾ ಮಾತ್ರ ಉಳಿತಾಯವಾಗುತ್ತದೆ. ಬೆಂಗಳೂರು, ಪುಣೆಯ ಎಂಟು ಮುಖಗಳ ವಿಡಿಯೋ ನಿಮ್ಮ ಕಡೆ ಇಳಿಯುತ್ತಲೇ ಇರುತ್ತದೆ, ಅಲ್ವಾ? ಜೂಮ್‌ನವರ ಲೆಕ್ಕದಲ್ಲಿ ಬರೀ ಧ್ವನಿಗೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಸಾಕು. ಎಚ್‌ಡಿ ವಿಡಿಯೋಗೆ ಮೆಗಾಬಿಟ್‌ಗಳೇ (ಒಂದು ಅಂದರೆ ಸಾವಿರ ಕಿಲೋಬಿಟ್) ಬೇಕು. ಪಾಂಡವಪುರದ ಕಡೆ ಹಳ್ಳಿಯಲ್ಲಿ, ಜಗಲಿ ಮೇಲೆ ಎರಡು ಕಡ್ಡಿ ಸಿಗ್ನಲ್ ನಂಬಿ ಕೂತಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಸ್ಕ್ರೀನ್ ಶೇರ್ ನಿಲ್ಲುವುದಿಲ್ಲ, ಎಕ್ಸೆಲ್ ಶೀಟು ಕಾಣಿಸುತ್ತಲೇ ಇರುತ್ತದೆ. ಯಾರಾದರೂ ಅದರಲ್ಲೇ ವಿಡಿಯೋ ಓಡಿಸಿದರೆ ಮಾತ್ರ ಮತ್ತೆ ಅದೇ ಗೋಳು. ಕರೆಂಟ್ ಹೋಗಿ ವೈಫೈ ಡಬ್ಬಿಯೇ ಆರಿಹೋದರೆ ಈ ಉಪಾಯ ನಡೆಯಲ್ಲ. ಆಗ ಇನ್ವೈಟಿನಲ್ಲಿ ಡಯಲ್-ಇನ್ ನಂಬರ್ ಕೊಟ್ಟಿದ್ದರೆ ಮಾಮೂಲಿ ಫೋನ್ ಕಾಲ್ ಮಾಡಿಯೇ ಸೇರಬಹುದು. ನಂಬರಿನ ಜೊತೆಗಿರುವ ಐಡಿಯನ್ನೂ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅದನ್ನು ಒತ್ತದೆ ಒಳಗೆ ಬಿಡುವುದಿಲ್ಲ.